ಪಾಗಾರದ ಪಾಚಿಯಿಂದ ಶುರು ಮಾಡಿ

ಮಂಗಳೂರಿನ ಒಂದು ಕಾಲೇಜಿನ ಬಯಾಲಜಿ ಲ್ಯಾಬಿನಲ್ಲಿ ನಾನು 31 ವರ್ಷ ಅಟೆಂಡರ್ ಆಗಿದ್ದೆ. ಪಾಠ ಮಾಡುವುದು ಲೆಕ್ಚರರ್‌ಗಳ ಕೆಲಸ. ಬೆಳಿಗ್ಗೆ ಬಸ್ಸಿಳಿದು ನೀರುಳ್ಳಿ ತರುವುದು, ಸ್ಲೈಡ್ ತೊಳೆಯುವುದು, ಅಯೋಡಿನ್ ಹದ ಮಾಡಿಡುವುದು, ಮೈಕ್ರೋಸ್ಕೋಪಿನ ಕನ್ನಡಿ ಒರೆಸುವುದು ನನ್ನ ಕೆಲಸ. ಮಕ್ಕಳ ಬೆನ್ನ ಹಿಂದೆ ನಿಂತು ವರ್ಷಗಟ್ಟಲೆ ನೋಡಿದ್ದೇನೆ. ಪುಸ್ತಕದ ಜೀವಕೋಶವನ್ನು ಎಷ್ಟೋ ಮಕ್ಕಳು ಕಣ್ಣು ಮುಚ್ಚಿಯೂ ಬಿಡಿಸುತ್ತಿದ್ದರು. ಆದರೆ ನಿಜವಾದ ಜೀವಕೋಶ ಎದುರಿಗೆ ಬಂದಾಗ ಅವರಿಗೆ ಗುರುತು ಸಿಗುತ್ತಿರಲಿಲ್ಲ. ಹೆಸರುಗಳನ್ನೆಲ್ಲ ಬಾಯಿಪಾಠ ಮಾಡಿ, ಆಮೇಲೆ ನೋಡಲು ಬರುತ್ತಿದ್ದರು. ಮೊದಲು ನೋಡಿ ಆಮೇಲೆ ಹೆಸರು ಕಲಿತ ಮಗುವಿಗೆ ಆ ಹೆಸರು ಮರೆಯುವುದಿಲ್ಲ. ಇದನ್ನು ನಾನು ಪೂರ್ತಿ ನಂಬುತ್ತೇನೆ.

ಈಗ ಕಟಪಾಡಿ ಹತ್ತಿರದ ನಮ್ಮ ಮನೆಯ ಜಗಲಿಯಲ್ಲಿ ಭಾನುವಾರ ನಾಲ್ಕೈದು ಮಕ್ಕಳು ಸೇರುತ್ತಾರೆ. ಏಳನೇ ಕ್ಲಾಸಿನಿಂದ ಹತ್ತರವರೆಗಿನವರು. ಅವರ ಜೊತೆ ಏನು ಮಾಡುತ್ತೇನೋ ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಜೂನ್ ಕೊನೆಯಿಂದ ಆಟಿ ತಿಂಗಳು (ತುಳುವರ ಲೆಕ್ಕದಲ್ಲಿ ಆಗಸ್ಟ್ ನಡುವಿಗೆ) ಮುಗಿಯುವವರೆಗೆ ಇದಕ್ಕೆ ಒಳ್ಳೆಯ ಕಾಲ. ಮನೆಯ ಸುತ್ತ ಏನು ಮುಟ್ಟಿದರೂ ಹಸಿರು ಇರುತ್ತದೆ.

ಮೈಕ್ರೋಸ್ಕೋಪ್ ಬೇಕು. ಶಾಲೆಗಳಲ್ಲಿ ಇರುವ ಸಾದಾ ಮಾದರಿ ಸಾಕು. ಅದರಲ್ಲಿ ಸಾಮಾನ್ಯವಾಗಿ 10 ಪಟ್ಟಿನ ಮತ್ತು 45 ಪಟ್ಟಿನ ಎರಡು ಲೆನ್ಸ್, ಮೇಲೆ ಕಣ್ಣಿಡುವ ಕಡೆ 10 ಪಟ್ಟಿನದು ಒಂದು ಇರುತ್ತದೆ. ಅಂದರೆ ವಸ್ತು 100 ಪಟ್ಟು ಅಥವಾ 450 ಪಟ್ಟು ದೊಡ್ಡದಾಗಿ ಕಾಣುತ್ತದೆ. ಅದು ಸಿಗದಿದ್ದರೆ ಫೋಲ್ಡ್‌ಸ್ಕೋಪ್ ಎಂಬ ಕಾಗದದ ಮೈಕ್ರೋಸ್ಕೋಪ್ ಇದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮನು ಪ್ರಕಾಶ್ ಮತ್ತು ಅವರ ತಂಡ ಮಾಡಿದ್ದು. ಮಡಚಿ ಕಿಸೆಯಲ್ಲಿ ಇಡಬಹುದು, 140 ಪಟ್ಟು ತೋರಿಸುತ್ತದೆ. ಇದರ ಜೊತೆ ಹತ್ತು ಸ್ಲೈಡ್, ಒಂದು ಡಬ್ಬಿ ಕವರ್ ಸ್ಲಿಪ್, ಒಂದು ಡ್ರಾಪರ್, ಹುಬ್ಬು ಕೀಳುವ ಚಿಮಟ, ಹೊಲಿಗೆ ಸೂಜಿ, ಹೊಸ ಬ್ಲೇಡ್ ಇರಲಿ. ಬ್ಲೇಡ್ ದೊಡ್ಡವರ ಕೈಯಲ್ಲೇ ಇರಲಿ.

ನಮ್ಮ ಕರಾವಳಿಯವರಿಗೆ ಒಂದು ಮಾತು. ಮಳೆಗಾಲದ ತೇವಕ್ಕೆ ಲೆನ್ಸಿನ ಒಳಗೆ ಬೂಷ್ಟು ಹಿಡಿಯುತ್ತದೆ. ಒಮ್ಮೆ ಹಿಡಿದರೆ ಹೋಗುವುದು ಕಷ್ಟ. ಮರದ ಪೆಟ್ಟಿಗೆಯೊಳಗೆ ಮುಚ್ಚಿಟ್ಟರೆ ಸಾಕು ಎಂದು ಅನ್ನಿಸಬಹುದು, ಆದರೆ ಮರವೇ ತೇವ ಕುಡಿದಿರುತ್ತದೆ. ಲೆನ್ಸುಗಳನ್ನು ಬಿಚ್ಚಿ, ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡಿ. ಚಪ್ಪಲಿ ಪೆಟ್ಟಿಗೆಯಲ್ಲಿ, ಬ್ಯಾಗಿನಲ್ಲಿ ಬರುವ ಪೊಟ್ಟಣಗಳನ್ನು ಎಸೆಯಬೇಡಿ. ತೇವ ಕುಡಿದಿದ್ದರೆ ಬಿಸಿಲು ಬಂದ ದಿನ ಒಣಗಿಸಿ ಮತ್ತೆ ಹಾಕಿ.

ಮೊದಲ ಭಾನುವಾರ ಜೀವಕೋಶ ಬೇಡ. ಪೇಪರಿನಿಂದ 'ಅ' ಅಕ್ಷರವನ್ನು ಕತ್ತರಿಸಿ ಸ್ಲೈಡಿನ ಮೇಲಿಡಿ. ಮಗು ನೋಡಲಿ. ಅಕ್ಷರ ತಲೆಕೆಳಗಾಗಿಯೂ ಎಡ ಬಲ ಅದಲುಬದಲಾಗಿಯೂ ಕಾಣುತ್ತದೆ. ಸ್ಲೈಡನ್ನು ಬಲಕ್ಕೆ ಸರಿಸಿದರೆ ಚಿತ್ರ ಎಡಕ್ಕೆ ಓಡುತ್ತದೆ. ಇದಕ್ಕೆ ಕೈ ಹೊಂದಿಕೊಳ್ಳಲು ಅರ್ಧ ಗಂಟೆಯಾದರೂ ಬೇಕು. ಆ ಅರ್ಧ ಗಂಟೆ ಕೊಡಿ. ಯಾವಾಗಲೂ ಚಿಕ್ಕ ಲೆನ್ಸಿನಿಂದ ಶುರು ಮಾಡಬೇಕು. ಪಕ್ಕದಿಂದ ನೋಡುತ್ತಾ ಲೆನ್ಸನ್ನು ಸ್ಲೈಡಿನ ಹತ್ತಿರಕ್ಕೆ ಇಳಿಸಿ. ಆಮೇಲೆ ಕಣ್ಣಿಟ್ಟು, ಮೇಲಕ್ಕೆ ಏರಿಸುತ್ತಾ ಸ್ಪಷ್ಟ ಮಾಡಿಕೊಳ್ಳಿ. ಕಣ್ಣಿಟ್ಟುಕೊಂಡೇ ಕೆಳಕ್ಕೆ ಇಳಿಸಿದರೆ ಕವರ್ ಸ್ಲಿಪ್ ಚೂರಾಗುತ್ತದೆ, ಲೆನ್ಸಿಗೂ ಗೀರು ಬೀಳುತ್ತದೆ. ಕನ್ನಡಿಯನ್ನು ಆಕಾಶದ ಬೆಳಕಿಗೆ ತಿರುಗಿಸಿ, ನೇರ ಸೂರ್ಯನಿಗೆ ಬೇಡವೇ ಬೇಡ. ಕಣ್ಣಿಗೆ ಅಪಾಯ.

ಅದೇ ದಿನ ಇನ್ನೊಂದು ಕೆಲಸ ಮಾಡಿಬಿಡಿ. ಪ್ಲಾಸ್ಟಿಕ್ ಸ್ಕೇಲನ್ನು ಲೆನ್ಸಿನ ಕೆಳಗಿಟ್ಟು, ಕಾಣುವ ಬೆಳಕಿನ ವೃತ್ತದ ಅಡ್ಡಗಲ ಎಷ್ಟು ಮಿಲಿಮೀಟರ್ ಎಂದು ನೋಡಿ ಬರೆದಿಡಿ. ನನ್ನದರಲ್ಲಿ ಚಿಕ್ಕ ಲೆನ್ಸಿಗೆ ಸುಮಾರು ಒಂದೂವರೆ. ಈ ಒಂದು ಅಂಕಿ ಮುಂದೆ ಪ್ರತಿ ವಾರ ಉಪಯೋಗಕ್ಕೆ ಬರುತ್ತದೆ.

ಪಾಗಾರದ ಮೇಲಿನ ಹಸಿರು

ಶಾಲೆಯಲ್ಲಿ ಮೊದಲು ನೀರುಳ್ಳಿ ಸಿಪ್ಪೆ ತೋರಿಸುತ್ತಾರೆ. ನಾನು ಪಾಗಾರದ, ಅಂದರೆ ಕಾಂಪೌಂಡ್ ಗೋಡೆಯ, ಪಾಚಿಯನ್ನು ತೋರಿಸುತ್ತೇನೆ. ಕೆಂಪು ಕಲ್ಲಿನ ಪಾಗಾರ ಮಳೆ ಬಿದ್ದ ಎರಡು ವಾರಕ್ಕೆ ಹಸಿರಾಗುತ್ತದೆ ಅಲ್ವಾ? ಅದರಲ್ಲಿ ಎರಡು ಬಗೆ ಇದೆ. ಕಾಲಿಟ್ಟರೆ ಜಾರುವ ಲೋಳೆ ಒಂದು. ಅದು ಶೈವಲ. ಮಖಮಲ್ಲಿನ ಹಾಗೆ ಕೈಗೆ ಮೆತ್ತಗೆ ಸಿಗುವುದು ಇನ್ನೊಂದು. ಪುಸ್ತಕದಲ್ಲಿ ಅದನ್ನು ಹಾವಸೆ ಎನ್ನುತ್ತಾರೆ. ನಾವು ಮನೆಮಾತಿನಲ್ಲಿ ಎರಡಕ್ಕೂ ಪಾಚಿ ಎಂದೇ ಹೇಳುತ್ತೇವೆ. ನಮಗೆ ಬೇಕಾದದ್ದು ಮಖಮಲ್ಲಿನಂಥದ್ದು.

ಚಿಮಟದಲ್ಲಿ ಒಂದು ಚಿಕ್ಕ ಎಸಳು ಕಿತ್ತು, ಬಟ್ಟಲು ನೀರಿನಲ್ಲಿ ಅಲ್ಲಾಡಿಸಿ. ಕೆಂಪು ಮಣ್ಣು ಪೂರ್ತಿ ಹೋಗಬೇಕು. ಒಂದೇ ಒಂದು ಎಲೆಯನ್ನು ಬಿಡಿಸಿ ಸ್ಲೈಡಿನ ನೀರಹನಿಯಲ್ಲಿ ಇಡಿ. ಎಲೆ ಎಂದರೆ ಸಾಸಿವೆ ಕಾಳಿಗಿಂತ ಸ್ವಲ್ಪ ಉದ್ದ ಅಷ್ಟೇ. ಕವರ್ ಸ್ಲಿಪ್ ಮುಚ್ಚಿ. ಬಣ್ಣ ಹಾಕುವುದು ಬೇಡ, ಸಿಪ್ಪೆ ಸುಲಿಯುವುದು ಬೇಡ. ಯಾಕೆಂದರೆ ಹಾವಸೆಯ ಎಲೆ, ನಡುವಿನ ನರವೊಂದನ್ನು ಬಿಟ್ಟರೆ, ಸಾಮಾನ್ಯವಾಗಿ ಒಂದೇ ಜೀವಕೋಶದಷ್ಟು ದಪ್ಪ. ಬೆಳಕು ಸಲೀಸಾಗಿ ದಾಟಿ ಬರುತ್ತದೆ. ಹಂಚು ಜೋಡಿಸಿದ ಹಾಗೆ ಕೋಶಗಳು ಕಾಣುತ್ತವೆ. ದೊಡ್ಡ ಲೆನ್ಸಿಗೆ ತಿರುಗಿಸಿದರೆ ಪ್ರತಿ ಕೋಶದೊಳಗೆ ಹಸಿರು ಗುಂಡು ಬಿಲ್ಲೆಗಳು. ಕಳೆದ ವರ್ಷ ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಕಣ್ಣು ತೆಗೆಯದೆ ಕೇಳಿದಳು: "ಮಾಮ, ಎಲೆ ಇಡೀ ಹಸಿರು ಅಲ್ವಾ? ಇಲ್ಲಿ ನೋಡಿದರೆ ಹಸಿರು ಬರೀ ಚುಕ್ಕಿಯಲ್ಲಿ ಮಾತ್ರ ಉಂಟು. ಉಳಿದದ್ದು ಗಾಜಿನ ಹಾಗೆ ಉಂಟು."

ಕ್ಲೋರೋಪ್ಲಾಸ್ಟ್ ಎಂಬ ಹೆಸರನ್ನು ನಾನು ಅವಳಿಗೆ ಆಗ ಹೇಳಿದೆ. ಆಗ ಅದು ಒಂದು ಕಾಣುವ ವಸ್ತುವಿನ ಹೆಸರಾಗಿತ್ತು.

ನೀರುಳ್ಳಿ, ಗುಳ್ಳೆ ಮತ್ತು ಕೋಶಕೇಂದ್ರ

ಎರಡನೇ ವಾರ ನೀರುಳ್ಳಿ. ಎಲ್ಲರೂ ಮಾಡುವ ಪ್ರಯೋಗ ಇದು, ಎಲ್ಲರೂ ಅವಸರದಲ್ಲಿ ಕೆಡಿಸುವುದೂ ಇದನ್ನೇ. ನೀರುಳ್ಳಿಯನ್ನು ನಾಲ್ಕು ಹೋಳು ಮಾಡಿ, ಒಳಗಿನ ಒಂದು ದಪ್ಪ ಪದರ ತೆಗೆಯಿರಿ. ಅದರ ಗುಳಿ ಇರುವ ಬದಿ, ಅಂದರೆ ಒಳಮೈ ಕಡೆಯಿಂದ ಸಿಪ್ಪೆ ತೆಗೆಯಬೇಕು. ಪದರವನ್ನು ಹಿಂದಕ್ಕೆ ಮುರಿದರೆ ತೆಳುವಾದ ಪೊರೆ ತಾನಾಗಿ ಬಿಟ್ಟು ಬರುತ್ತದೆ. ತಕ್ಷಣ ನೀರಿಗೆ ಹಾಕಿ. ಗಾಳಿಗೆ ಬಿಟ್ಟರೆ ಸುರುಳಿ ಸುತ್ತಿಕೊಳ್ಳುತ್ತದೆ, ಆಮೇಲೆ ಬಿಡಿಸಲು ಆಗುವುದಿಲ್ಲ. ಕಿರುಬೆರಳ ಉಗುರಿನ ಅರ್ಧದಷ್ಟು ತುಂಡು ಸಾಕು. ಜಾಸ್ತಿ ತೆಗೆದರೆ ಮಡಚಿಕೊಳ್ಳುತ್ತದೆ.

ಕವರ್ ಸ್ಲಿಪ್ಪನ್ನು ಮೇಲಿಂದ ಪಟ್ಟನೆ ಬಿಡಬಾರದು. ಒಂದು ಅಂಚನ್ನು ಸ್ಲೈಡಿಗೆ ತಾಗಿಸಿ, ಇನ್ನೊಂದು ಅಂಚಿಗೆ ಸೂಜಿ ಕೊಟ್ಟು ನಿಧಾನಕ್ಕೆ ಮಲಗಿಸಿ. ಇಲ್ಲದಿದ್ದರೆ ಗಾಳಿ ಗುಳ್ಳೆ ಸೇರುತ್ತದೆ. ಕಪ್ಪು ದಪ್ಪ ಅಂಚಿನ, ಅಚ್ಚುಕಟ್ಟಾದ ಉಂಗುರ ಕಂಡರೆ ಅದು ಗುಳ್ಳೆ. ಎಷ್ಟೋ ಮಕ್ಕಳು ಆ ಗುಳ್ಳೆಯನ್ನೇ ಜೀವಕೋಶ ಎಂದು ರೆಕಾರ್ಡ್ ಪುಸ್ತಕದಲ್ಲಿ ಬಿಡಿಸಿ, ಒಳಗೆ ಕೋಶಕೇಂದ್ರ ಎಂದು ಬಾಣ ಹಾಕಿದ್ದನ್ನು ನಾನು ಕಂಡಿದ್ದೇನೆ. ಪಾಪ, ಅವರಿಗೆ ಯಾರೂ ಗುಳ್ಳೆ ಹೇಗಿರುತ್ತದೆ ಎಂದು ತೋರಿಸಿರಲಿಲ್ಲ. ಹಾಗಾಗಿ ನಾನು ಬೇಕೆಂದೇ ಒಂದು ಸ್ಲೈಡನ್ನು ಗುಳ್ಳೆ ತುಂಬಿಸಿ ಮೊದಲು ತೋರಿಸುತ್ತೇನೆ. ನೀವೂ ಹಾಗೆ ಮಾಡಿ. ತಪ್ಪನ್ನು ಮೊದಲೇ ನೋಡಿದ ಕಣ್ಣಿಗೆ ಆಮೇಲೆ ಮೋಸ ಆಗುವುದಿಲ್ಲ.

ಬಣ್ಣಕ್ಕೆ ಗಾಯಕ್ಕೆ ಹಚ್ಚುವ ಬೆಟಾಡಿನ್ ನಡೆಯುತ್ತದೆ. ಒಂದು ಹನಿಗೆ ನಾಲ್ಕೈದು ಹನಿ ನೀರು. ಕವರ್ ಸ್ಲಿಪ್ಪಿನ ಒಂದು ಬದಿಯಲ್ಲಿ ಹನಿ ಇಟ್ಟು, ಎದುರು ಬದಿಯಲ್ಲಿ ಪೇಪರಿನ ತುಂಡು ತಾಗಿಸಿದರೆ ಬಣ್ಣ ಒಳಗೆ ಹರಿಯುತ್ತದೆ. ಎರಡು ಮೂರು ನಿಮಿಷಕ್ಕೆ ಪ್ರತಿ ಕೋಶದ ಗೋಡೆಗೆ ಅಂಟಿದ ಹಾಗೆ ಒಂದು ಕಂದು ಬೊಟ್ಟು ಎದ್ದು ಕಾಣುತ್ತದೆ. ಅದು ಕೋಶಕೇಂದ್ರ. ಯಾಕೆ ನಡುವಿನಲ್ಲಿ ಇಲ್ಲ ಎಂದು ಮಕ್ಕಳು ಕೇಳಲಿ. ನಡುವಿನ ಜಾಗವನ್ನೆಲ್ಲ ರಸದಾನಿ ಎಂಬ ನೀರಿನ ಚೀಲ ಹಿಡಿದಿದೆ. ಕೋಶಕೇಂದ್ರ ಬದಿಗೆ ಒತ್ತರಿಸಿ ಕೂತಿದೆ.

ಈಗ ಮೊದಲ ವಾರದ ಅಂಕಿ ತೆಗೆಯಿರಿ. ಒಂದೂವರೆ ಮಿಲಿಮೀಟರಿನ ವೃತ್ತದಲ್ಲಿ ಉದ್ದಕ್ಕೆ ಐದು ಕೋಶ ಹಿಡಿದರೆ, ಒಂದು ಕೋಶದ ಉದ್ದ 0.3 ಮಿಲಿಮೀಟರ್. ಮಕ್ಕಳು ಸ್ವಂತ ಅಳೆದ ಅಳತೆ ಇದು. ಆಮೇಲೆ ಹಲ್ಲುಕಡ್ಡಿಯ ಮೊಂಡು ತುದಿಯಿಂದ ಕೆನ್ನೆಯ ಒಳಭಾಗವನ್ನು ಮೆಲ್ಲಗೆ ಉಜ್ಜಿ ಅದನ್ನೂ ನೋಡಲಿ. ಒಬ್ಬರಿಗೆ ಒಂದು ಕಡ್ಡಿ, ಆದ ಕೂಡಲೇ ಕಸಕ್ಕೆ. ಇದಕ್ಕೆ ಮೀನಿನ ತೊಟ್ಟಿ ಮಾರುವ ಅಂಗಡಿಯಲ್ಲಿ ಸಿಗುವ ಮೆಥಿಲೀನ್ ಬ್ಲೂ ಒಳ್ಳೆಯ ಬಣ್ಣ. ಕೆನ್ನೆಯ ಕೋಶ ನೀರುಳ್ಳಿಯದರ ಸುಮಾರು ಐದನೇ ಒಂದು ಪಾಲು. ಮೂಲೆ ಇಲ್ಲ, ಗೋಡೆ ಇಲ್ಲ, ಅಂಚು ಮಡಚಿಕೊಂಡಿರುತ್ತದೆ. ಗಿಡದ ಕೋಶಕ್ಕೆ ಕೋಶಭಿತ್ತಿ ಇದೆ, ನಮ್ಮದಕ್ಕೆ ಇಲ್ಲ ಎಂಬ ವಾಕ್ಯವನ್ನು ಇನ್ನು ಬಾಯಿಪಾಠ ಮಾಡುವ ಅಗತ್ಯವಿಲ್ಲ.

ಇತಿಹಾಸವನ್ನು ನಾನು ಈ ಹೊತ್ತಿಗೆ ಹೇಳುತ್ತೇನೆ. 1665ರಲ್ಲಿ ರಾಬರ್ಟ್ ಹುಕ್ ಬೂಚಿನ ಚೂರಿನಲ್ಲಿ ಕಂಡದ್ದು ಸತ್ತ ಕೋಶಗಳ ಖಾಲಿ ಗೋಡೆ ಮಾತ್ರ. ಒಳಗಿನ ಕೋಶಕೇಂದ್ರಕ್ಕೆ ಹೆಸರು ಬರಲು 1831ರವರೆಗೆ ಕಾಯಬೇಕಾಯಿತು. ರಾಬರ್ಟ್ ಬ್ರೌನ್ ಅದನ್ನು ಗುರುತಿಸಿದ್ದು ಆರ್ಕಿಡ್ ಗಿಡದ ಕೋಶಗಳಲ್ಲಿ. ನಮ್ಮ ಹಲಸಿನ ಮರದ ಮೇಲೆ ಜೋತುಬೀಳುವ ಸೀತಾಳೆ ದಂಡೆ ಉಂಟಲ್ಲ, ಅದೇ ಕುಟುಂಬ.

ಉಪ್ಪು ಹಾಕಿದರೆ ನೀರು ಬಿಡುವುದು ಯಾಕೆ

ಅಂಗಳದ ಅಂಚಿನಲ್ಲಿ ನೆಡುವ ರಿಯೋ ಗಿಡ ನಿಮಗೆ ಗೊತ್ತಿರಬಹುದು. ಎಲೆಯ ಮೇಲ್ಮೈ ಹಸಿರು, ಅಡಿ ನೇರಳೆ. ಎಲೆಯನ್ನು ಓರೆಯಾಗಿ ಹರಿದರೆ ಅಡಿಯ ನೇರಳೆ ಪೊರೆ ಅಂಚಿನಲ್ಲಿ ಎದ್ದು ಬರುತ್ತದೆ. ಅದನ್ನು ನೀರಿನಲ್ಲಿ ನೋಡಿ. ನೇರಳೆ ಕೋಶಗಳ ನಡುವೆ ಹಸಿರು ತುಟಿಗಳ ಹಾಗಿರುವ ಪತ್ರರಂಧ್ರಗಳೂ, ಅಂದರೆ ಎಲೆಯೊಳಗೆ ಗಾಳಿ ಹೋಗಿಬರುವ ತೂತುಗಳೂ, ಸಿಗುತ್ತವೆ. ಈಗ ಅರ್ಧ ಲೋಟ ನೀರಿಗೆ ಒಂದು ಟೀ ಚಮಚ ಉಪ್ಪು ಕದಡಿ, ಆ ನೀರನ್ನು ಕವರ್ ಸ್ಲಿಪ್ಪಿನ ಅಡಿಗೆ ಹರಿಸಿ. ಐದು ಹತ್ತು ನಿಮಿಷ ಕಾಯಿರಿ. ನೇರಳೆ ಬಣ್ಣ ಗೋಡೆ ಬಿಟ್ಟು ಒಳಕ್ಕೆ ಸರಿಯುತ್ತದೆ. ಗೋಡೆ ಇದ್ದಲ್ಲೇ ಇದೆ, ಒಳಗಿನ ಚೀಲ ಕುಗ್ಗಿದೆ. ಕೋಶದ ನೀರು ಪೊರೆ ದಾಟಿ ಉಪ್ಪಿನ ಕಡೆಗೆ ಹೋಯಿತು. ಜಾಸ್ತಿ ಹೊತ್ತು ಬಿಡದೆ ಮತ್ತೆ ಸಿಹಿ ನೀರು ಹರಿಸಿದರೆ ಕೋಶ ತುಂಬಿಕೊಳ್ಳುತ್ತದೆ. ಅಭಿಸರಣೆ ಎಂಬ ಪದವನ್ನು ಇಲ್ಲಿ ಹೇಳಿ.

ಮಾವಿನ ಮಿಡಿಗೆ ಉಪ್ಪು ಹಾಕಿದರೆ ಮೂರು ದಿನಕ್ಕೆ ಭರಣಿಯಲ್ಲಿ ನೀರು ಮೇಲೆ ಬಂದು ಮಿಡಿ ಸುಕ್ಕಾಗುತ್ತದೆ. ಹಲಸಿನ ಸೊಳೆಯ ಉಪ್ಪಡ್ ಪಚ್ಚಿಲ್ ವರ್ಷವಿಡೀ ಕೆಡದೆ ಉಳಿಯುವುದೂ ಇದೇ ಕಾರಣಕ್ಕೆ. ಸೊಳೆಗೆ ಆದದ್ದೇ ಅದನ್ನು ಕೊಳೆಸಲು ಬಂದ ಸೂಕ್ಷ್ಮಜೀವಿಗೂ ಆಗುತ್ತದೆ. ಅದರ ಒಳಗಿನ ನೀರೂ ಹೊರಗೆ ಹೋಗುತ್ತದೆ. ಭರಣಿ ಇಟ್ಟ ಅಜ್ಜಿಗೆ ಇದು ಕೈಯಿಂದ ಗೊತ್ತಿತ್ತು. ಮಕ್ಕಳಿಗೆ ಈಗ ಕಣ್ಣಿಂದಲೂ ಗೊತ್ತಾಯಿತು.

ಹಾಗಾದರೆ ಉಪ್ಪು ನೀರಿನಲ್ಲೇ ನಿಂತಿರುವ ಕಾಂಡ್ಲಾ ಗಿಡ ಯಾಕೆ ಸುಕ್ಕಾಗುವುದಿಲ್ಲ? ಕುಂದಾಪುರದ ಕಡೆ ಹೋದಾಗ ಅಳಿವೆಯ ಹಿನ್ನೀರಿನಲ್ಲಿ ನೋಡಿ. ಕೆಲವು ಜಾತಿ ಬೇರಿನಲ್ಲೇ ಉಪ್ಪನ್ನು ತಡೆಯುತ್ತವೆ. ಕೆಲವು ಎಲೆಯ ಮೂಲಕ ಉಪ್ಪನ್ನು ಹೊರಹಾಕುತ್ತವೆ. ಬಿಸಿಲಿನ ದಿನ ಅಂಥ ಎಲೆಯ ಮೇಲೆ ಬಿಳಿ ಹರಳು ಕಾಣುತ್ತದೆ.

ಪತ್ರರಂಧ್ರ ಲೆಕ್ಕ ಮಾಡಲು ಬಣ್ಣವಿಲ್ಲದ ನೈಲ್ ಪಾಲಿಶ್ ಸಾಕು. ಎಲೆಯ ಅಡಿಗೆ ತೆಳ್ಳಗೆ ಬಳಿದು, ಒಣಗಿದ ಮೇಲೆ ಅಂಟುಪಟ್ಟಿಯಿಂದ ಕಿತ್ತು ಸ್ಲೈಡಿಗೆ ಅಂಟಿಸಿ. ಎಲೆಯ ಅಚ್ಚು ಅದರಲ್ಲಿ ಬಂದಿರುತ್ತದೆ. ಮಳೆಯ ದಿನ ಒಣಗುವುದು ತಡ, ಫ್ಯಾನಿನ ಅಡಿ ಇಡಿ. ದಾಸವಾಳ, ಮಾವು ಎರಡನ್ನೂ ಮೇಲೆ ಕೆಳಗೆ ಎರಡೂ ಬದಿ ಮಾಡಿ ಹೋಲಿಸಿ. ಕೆರೆಯ ನೈದಿಲೆ ಎಲೆ ಸಿಕ್ಕರೆ ಬಿಡಬೇಡಿ, ಅದರ ರಂಧ್ರಗಳು ಮೇಲ್ಬದಿಯಲ್ಲಿ ಇರುತ್ತವೆ. ಅಡಿ ನೀರಿನಲ್ಲಿ ಮುಳುಗಿರುತ್ತದಲ್ಲ. ಕಣಗಿಲೆಯಲ್ಲಿ ಮಾತ್ರ ಈ ಉಪಾಯ ನಡೆಯುವುದಿಲ್ಲ. ಅದರ ರಂಧ್ರಗಳು ರೋಮ ತುಂಬಿದ ಗುಳಿಯೊಳಗೆ ಅಡಗಿವೆ.

ಎಲೆಯಲ್ಲಿ ಪಿಷ್ಟ ಇದೆಯೇ ಎಂದು ಅಯೋಡಿನ್ ಹಾಕಿ ನೋಡುವ ಪ್ರಯೋಗ ಎಲ್ಲ ಪುಸ್ತಕದಲ್ಲೂ ಇದೆ. ಎರಡೇ ಮಾತು ಹೇಳುತ್ತೇನೆ. ಮೋಡ ಕವಿದ ದಿನ ಮಾಡಬೇಡಿ, ಎಲೆಯಲ್ಲಿ ಹೆಚ್ಚು ಪಿಷ್ಟ ಕೂಡಿರುವುದಿಲ್ಲ. ಬಿಸಿಲು ಬಂದ ದಿನ ಮಧ್ಯಾಹ್ನ ಮೂರರ ನಂತರ ಎಲೆ ಕೀಳಿ. ಇನ್ನು ಎಲೆಯ ಹಸಿರು ತೆಗೆಯಲು ಬಳಸುವ ಸ್ಪಿರಿಟ್ಟನ್ನು ಎಂದೂ ಉರಿಯ ಮೇಲೆ ಇಡಬೇಡಿ. ನೀರು ಕುದಿಸಿ, ಗ್ಯಾಸ್ ಪೂರ್ತಿ ಆರಿಸಿ, ಆಮೇಲೆ ಸ್ಪಿರಿಟ್ ಇರುವ ಗಾಜಿನ ಕೊಳವೆಯನ್ನು ಆ ಬಿಸಿನೀರಿನಲ್ಲಿ ನಿಲ್ಲಿಸಿ.

ಆಟಿಯಲ್ಲಿ ಪತ್ರೊಡೆ ಮಾಡುವ ದಿನ ಅಡುಗೆಮನೆಯಿಂದ ಒಂದು ಕೆಸುವಿನ ದಂಟು ಕೇಳಿ ಪಡೆಯಿರಿ. ಮೊದಲು ಎಲೆಯ ಮೇಲೆ ನೀರು ಹಾಕಿ. ಮುತ್ತಿನ ಹಾಗೆ ಉರುಳಿ ಹೋಗುತ್ತದೆ. ಎಲೆಯ ಮೇಲ್ಮೈಯಲ್ಲಿ ಕಣ್ಣಿಗೆ ಕಾಣದ ಉಬ್ಬುಗಳೂ ಅವುಗಳ ಮೇಲೆ ಮೇಣವೂ ಇವೆ. ನೀರಿಗೆ ಅಂಟಿಕೊಳ್ಳಲು ಜಾಗ ಸಿಗುವುದಿಲ್ಲ. ಆಮೇಲೆ ದಂಟನ್ನು ಕತ್ತರಿಸಿ, ಅದರ ರಸವನ್ನು ಸ್ಲೈಡಿಗೆ ಒತ್ತಿ, ದೊಡ್ಡ ಲೆನ್ಸಿನಲ್ಲಿ ಹುಡುಕಿ. ಸೂಜಿಯ ಕಟ್ಟುಗಳ ಹಾಗೆ ಹರಳುಗಳು ಕಾಣುತ್ತವೆ. ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಗಳು ಅವು. ಕೆಸು ತುರಿಸುವುದು ಇವುಗಳಿಂದ. ಹುಣಸೆಹುಳಿ ಹಾಕಿ ಚೆನ್ನಾಗಿ ಬೇಯಿಸುವುದು ಯಾಕೆ ಎಂದು ಆಗ ಮಕ್ಕಳಿಗೆ ತಾನಾಗಿ ಅರ್ಥವಾಗುತ್ತದೆ. ಕೈಗೆ ಎಣ್ಣೆ ಹಚ್ಚಿಕೊಂಡು ಕೆಲಸ ಮಾಡಿ. ಕಣ್ಣು ಮುಟ್ಟಬೇಡಿ.

ಬರ್ಕೆಯ ಬೀಜ ಹಾಕಿದರೆ ತುಳುವೆ ಬಂತು

ಅನುವಂಶೀಯತೆಯ ಪಾಠವನ್ನು ನಾನು ಬಟಾಣಿಯಿಂದ ಶುರು ಮಾಡುವುದಿಲ್ಲ. ನಮ್ಮ ತಂದೆ ಒಂದು ಒಳ್ಳೆಯ ಬರ್ಕೆ ಹಲಸಿನ ಬೀಜ ಹಾಕಿದ್ದರು. ಸೊಳೆ ಗಟ್ಟಿ, ಜೇನಿನಷ್ಟು ಸಿಹಿ ಇದ್ದ ಮರದ ಬೀಜ. ಎಂಟು ವರ್ಷ ಕಾದರು. ಮೊದಲ ಹಣ್ಣು ಕೊಯ್ದಾಗ ಸೊಳೆ ಕೈಯಲ್ಲಿ ಜಾರಿತು, ಮೆತ್ತನೆ ಸೊಳೆಯ ತುಳುವೆ. ತಂದೆ ಅದನ್ನು ಕೈಯಲ್ಲಿ ಹಿಡಿದು ತುಂಬ ಹೊತ್ತು ಸುಮ್ನೆ ಕೂತಿದ್ದರು. ನನಗೆ ಆಗ ಹದಿನೈದು ವರ್ಷ. ಕಾರಣ ಗೊತ್ತಾಗಿದ್ದು ಲ್ಯಾಬಿಗೆ ಸೇರಿದ ಮೇಲೆ.

ಹಲಸಿನಲ್ಲಿ ಗಂಡು ಹೂವಿನ ಗೊಂಚಲು ಬೇರೆ, ಹೆಣ್ಣು ಹೂವಿನದು ಬೇರೆ. ಪರಾಗ ಬೇರೆ ಮರದಿಂದಲೂ ಬರುತ್ತದೆ. ಹಣ್ಣು ತಾಯಿ ಮರದ್ದು, ಆದರೆ ಒಳಗಿನ ಬೀಜ ಇಬ್ಬರದ್ದು. ತಂದೆ ತಾಯಿ ಗುಣ ಬೆರೆತು ಹೊಸ ಜೋಡಣೆ ಆಗಿರುತ್ತದೆ. ಅದಕ್ಕೇ ಒಳ್ಳೆಯ ಮರ ಹಾಗೇ ಬೇಕೆಂದರೆ ಕಸಿ ಕಟ್ಟಬೇಕು.

ನಮ್ಮ ಊರಿನ ಸುತ್ತ ಈ ಪಾಠಕ್ಕೆ ಎರಡು ಒಳ್ಳೆಯ ಗಿಡಗಳಿವೆ. ಒಂದು ಶಂಕರಪುರದ ಮಲ್ಲಿಗೆ, ಇನ್ನೊಂದು ಮಟ್ಟುವಿನ ಗುಳ್ಳ ಎಂಬ ಬದನೆ. ಎರಡಕ್ಕೂ ಭೌಗೋಳಿಕ ಸೂಚಕ ಮಾನ್ಯತೆ ಇದೆ. ಮಲ್ಲಿಗೆಗೆ ಯಾರೂ ಬೀಜ ಬಿತ್ತುವುದಿಲ್ಲ, ಗೆಲ್ಲು ನೆಡುತ್ತಾರೆ. ಗೆಲ್ಲಿನಿಂದ ಬಂದ ಗಿಡ ತಾಯಿಯ ನಕಲೇ. ಗುಳ್ಳ ಹಾಗಲ್ಲ, ಅದು ಬೀಜದ ಬೆಳೆ. ಬದನೆಯ ಒಂದೇ ಹೂವಿನಲ್ಲಿ ಗಂಡು ಹೆಣ್ಣು ಎರಡೂ ಭಾಗ ಇರುವುದರಿಂದ ಹೆಚ್ಚಿನ ಬೀಜ ತನ್ನದೇ ಪರಾಗದಿಂದ ಆಗುತ್ತದೆ. ಆದರೆ ಪಕ್ಕದಲ್ಲಿ ಬೇರೆ ಬದನೆ ಬೆಳೆದರೆ ಜೇನು, ದುಂಬಿ ಪರಾಗ ತರುತ್ತವೆ, ಗುಣ ಬೆರೆಯುತ್ತದೆ. ಗುಳ್ಳದ ತಿಳಿಹಸಿರು, ಉರುಟು, ತೆಳು ಸಿಪ್ಪೆ ಇಷ್ಟು ಕಾಲ ಉಳಿದದ್ದು ಬೀಜದ ಕಾಯಿಯನ್ನು ಕಣ್ಣಿಟ್ಟು ಆರಿಸಿದ ಬೆಳೆಗಾರರಿಂದ. ಆ ಆರಿಸುವ ಕೆಲಸವೂ ಜೀವಶಾಸ್ತ್ರವೇ. ಮನೆಯಲ್ಲಿ ಗುಳ್ಳದ ಗಿಡ ಇದ್ದರೆ ಒಂದು ಮೊಗ್ಗಿಗೆ ತೆಳು ಬಟ್ಟೆಯ ಚೀಲ ಕಟ್ಟಿ, ಕಾಯಿ ಕಚ್ಚಿದ ಮೇಲೆ ಬಿಚ್ಚಿ, ದಾರದ ಗುರುತು ಹಾಕಿ, ಅದರ ಬೀಜ ತೆಗೆದಿಡಿ. ನಡುವೆ ದಿನಕ್ಕೊಮ್ಮೆ ಹೂವಿನ ತೊಟ್ಟನ್ನು ಮೆಲ್ಲಗೆ ಅಲ್ಲಾಡಿಸಿ, ಪರಾಗ ಉದುರಲಿ.

ಇಷ್ಟಾದ ಮೇಲೆ, ಬಟಾಣಿ ಗಿಡ ಬೆಳೆಸಿ ಅನುವಂಶೀಯತೆಯ ನಿಯಮ ಕಂಡುಕೊಂಡ ಮೆಂಡೆಲ್. ಆಟಿಯಲ್ಲಿ ಹೊರಗೆ ಮಳೆ ಸುರಿಯುವಾಗ ಚೆನ್ನೆಮಣೆ ಹೇಗೂ ಹೊರಗೆ ಬರುತ್ತದೆ. ಅದರ ಎರಡು ಗುಳಿಗಳನ್ನು ಅಪ್ಪ, ಅಮ್ಮ ಎಂದು ಮಾಡಿಕೊಳ್ಳಿ. ಪ್ರತಿ ಗುಳಿಗೆ ಅಲಸಂಡೆ ಬೀಜ, ಹತ್ತು ಕೆಂಪು, ಹತ್ತು ಬಿಳಿ. ಎರಡೂ ಒಂದೇ ಗಾತ್ರದ್ದಿರಲಿ, ಇಲ್ಲದಿದ್ದರೆ ಬೆರಳು ಮೊದಲೇ ಗುರುತು ಹಿಡಿಯುತ್ತದೆ. ಕಣ್ಣು ಮುಚ್ಚಿ ಎರಡೂ ಗುಳಿಯಿಂದ ಒಂದೊಂದು ಬೀಜ ತೆಗೆಯಿರಿ. ಆ ಜೋಡಿ ಒಂದು ಮಗು. ಒಂದಾದರೂ ಕೆಂಪು ಇದ್ದರೆ ಮಗು ಕೆಂಪು, ಯಾಕೆಂದರೆ ನಮ್ಮ ಆಟದಲ್ಲಿ ಕೆಂಪು ಪ್ರಬಲ. ಎರಡೂ ಬಿಳಿ ಬಂದರೆ ಮಾತ್ರ ಬಿಳಿ. ಬರೆದುಕೊಂಡು ಬೀಜಗಳನ್ನು ಅದದೇ ಗುಳಿಗೆ ಹಾಕಿ ಕಲಸಿ. ಹೀಗೆ ನೂರು ಸಲ.

ಮೊದಲ ಹತ್ತು ಸಲದಲ್ಲಿ ಐದು ಕೆಂಪು ಐದು ಬಿಳಿ ಬಂದರೂ ಬರಬಹುದು. ಮಕ್ಕಳು "ಪುಸ್ತಕದಲ್ಲಿ ಮೂರಕ್ಕೆ ಒಂದು ಅಂತ ಉಂಟಲ್ಲ" ಎಂದು ಗಾಬರಿಯಾಗುತ್ತಾರೆ. ಮುಂದುವರಿಸಲು ಹೇಳಿ. ನೂರರ ಹೊತ್ತಿಗೆ 75ಕ್ಕೆ 25ರ ಆಸುಪಾಸಿಗೆ ಬರುತ್ತದೆ. ನಾಲ್ಕು ಮಕ್ಕಳ ನಾನೂರು ಕೂಡಿಸಿದರೆ ಇನ್ನೂ ಹತ್ತಿರ. ಮೆಂಡೆಲ್ ಎಣಿಸಿದ್ದು ಉರುಟು ಬೀಜ 5474, ಸುಕ್ಕು ಬೀಜ 1850. ಭಾಗಿಸಿ ನೋಡಿ, 2.96. ಅಷ್ಟು ಎಣಿಸಿದ್ದಕ್ಕೇ ಅವರಿಗೆ ನಿಯಮ ಕಂಡಿತು. 1865ರಲ್ಲಿ ಬ್ರನೋ ಊರಿನಲ್ಲಿ ಅವರು ಇದನ್ನು ಓದಿ ಹೇಳಿದರು, ಮರುವರ್ಷ ಅಚ್ಚಾಯಿತು, ಜಗತ್ತು ಗಮನಿಸಿದ್ದು 1900ರಲ್ಲಿ. ಆಗ ಅವರು ತೀರಿಹೋಗಿ 16 ವರ್ಷವಾಗಿತ್ತು. ಇದನ್ನು ಹೇಳುವಾಗ ನನಗೆ ಪ್ರತಿ ಸಲ ಬೇಸರವಾಗುತ್ತದೆ.

ಒಂದು ಎಚ್ಚರಿಕೆ. ನಾಲಿಗೆ ಸುರುಳಿ ಮಾಡುವುದು ಒಂದೇ ಜೀನಿನ ಗುಣ ಎಂದು ಹಲವು ಕಡೆ ಕಲಿಸುತ್ತಾರೆ. ಅದು ಸರಿಯಲ್ಲ. ತದ್ರೂಪಿ ಅವಳಿಗಳಲ್ಲೇ ಒಬ್ಬರಿಗೆ ಆಗುತ್ತದೆ, ಇನ್ನೊಬ್ಬರಿಗೆ ಆಗುವುದಿಲ್ಲ. ಮಕ್ಕಳ ಮುಖ, ಕಿವಿ, ಬಣ್ಣ ಹಿಡಿದು "ಇದು ಅಪ್ಪನಿಂದ, ಇದು ಅಮ್ಮನಿಂದ" ಎಂದು ಗುಂಪಿನಲ್ಲಿ ಆಟ ಆಡಿಸಬೇಡಿ. ಸಾಕಿದ ತಂದೆ ತಾಯಿಯ ಜೊತೆ ಇರುವ ಮಗುವಿಗೆ ಅದು ಎಷ್ಟು ನೋವು ಕೊಡುತ್ತದೆ ಎಂದು ನಾನು ಒಮ್ಮೆ ಕಣ್ಣಾರೆ ಕಂಡೆ. ಅವನು ಮರುದಿನ ಕ್ಲಾಸಿಗೆ ಬರಲಿಲ್ಲ. ಗಿಡ ಇದೆ, ಬೀಜ ಇದೆ, ಅದರಲ್ಲೇ ಕಲಿಸಿ. ಕೆಂಪು ಮತ್ತು ಬಿಳಿ ಸಂಜೆಮಲ್ಲಿಗೆ ಬೆರೆತರೆ ಗುಲಾಬಿ ಬಣ್ಣದ ಹೂವು ಬರುತ್ತದೆ. ಆ ಗುಲಾಬಿಯ ಮೊಗ್ಗಿಗೆ ಬಟ್ಟೆ ಕಟ್ಟಿ, ಕರಿಮೆಣಸಿನಂಥ ಬೀಜ ತೆಗೆದಿಟ್ಟು ಬಿತ್ತಿದರೆ ಮೂರೂ ಬಣ್ಣ ಮರಳಿ ಕಾಣಿಸಿಕೊಳ್ಳುತ್ತವೆ. ಮುಚ್ಚಿಹೋದ ಗುಣ ಅಳಿದುಹೋಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಚಂದದ ಪುರಾವೆ ನನಗೆ ಗೊತ್ತಿಲ್ಲ.

ಒಂದು ಮೀಟರ್ ಹಗ್ಗದೊಳಗೆ

ನಾಲ್ಕು ಕೋಲು, ನಾಲ್ಕು ಮೀಟರ್ ಹಗ್ಗ. ನೆಲದ ಮೇಲೆ ಒಂದು ಮೀಟರಿನ ಚೌಕ ಮಾಡಿ. ಅದರೊಳಗೆ ಎಷ್ಟು ಬಗೆಯ ಗಿಡ, ಪ್ರತಿ ಬಗೆ ಎಷ್ಟೆಷ್ಟು ಎಂದು ಎಣಿಸುವುದು ಕೆಲಸ. ಹೆಸರು ಗೊತ್ತಿಲ್ಲದಿದ್ದರೆ ತೊಂದರೆಯಿಲ್ಲ. "ಮೂರು ಎಲೆ, ರೋಮ ಇದೆ, ಹಳದಿ ಹೂವು" ಎಂದು ಬರೆದು ಪಕ್ಕದಲ್ಲಿ ಒಂದು ಎಲೆಯ ಚಿತ್ರ ಬಿಡಿಸಿ. ಸಂಜೆ ಅಜ್ಜಿಯನ್ನು ಕೇಳಿದರೆ ಅರ್ಧಕ್ಕರ್ಧ ಹೆಸರು ಸಿಗುತ್ತದೆ. ತಜಂಕ್, ಕಿರುನೆಲ್ಲಿ, ನಾಚಿಕೆ ಮುಳ್ಳು, ತಿಮರೆ.

ತಿಮರೆ ಎಂಬಲ್ಲಿ ಸ್ವಲ್ಪ ನಿಲ್ಲಿ. ತುಳುವಿನಲ್ಲಿ ತಿಮರೆ, ಕನ್ನಡದಲ್ಲಿ ಒಂದೆಲಗ, ಕೆಲವರಿಗೆ ಬ್ರಾಹ್ಮಿ. ಆದರೆ ಗದ್ದೆ ಅಂಚಿನ ಇನ್ನೊಂದು ಚಿಕ್ಕ ದಪ್ಪ ಎಲೆಯ ಗಿಡಕ್ಕೂ ಬ್ರಾಹ್ಮಿ ಎನ್ನುತ್ತಾರೆ. ಒಂದು ಸೆಂಟೆಲ್ಲಾ ಏಶಿಯಾಟಿಕಾ, ಇನ್ನೊಂದು ಬಕೋಪಾ ಮೊನ್ನಿಯೇರಿ. ಸಂಬಂಧವೇ ಇಲ್ಲದ ಎರಡು ಗಿಡಗಳು. ವೈಜ್ಞಾನಿಕ ಹೆಸರು ಯಾಕೆ ಬೇಕು ಎಂದು ಮಗು ಕೇಳಿದರೆ ಇವೆರಡನ್ನೂ ಕಿತ್ತು ತಂದು ಅದರ ಕೈಗೆ ಕೊಡಿ. ಮರಗಳ ಹೆಸರು ಕಲಿಯಲು ಒಂದು ರಜಾದಿನ ಮಂಗಳೂರಿನ ಪಿಲಿಕುಳ ನಿಸರ್ಗಧಾಮಕ್ಕೆ ಹೋಗಿ. ಪಶ್ಚಿಮ ಘಟ್ಟದ ಮರಗಳನ್ನು ಅಲ್ಲಿ ಒಂದೇ ಕಡೆ ಬೆಳೆಸಿದ್ದಾರೆ. 2012ರಲ್ಲಿ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದ ಘಟ್ಟ ಅದು, ನಮ್ಮ ಹೆಬ್ರಿಯ ಆಚೆಗೆ ಏಳುವ ಬೆಟ್ಟಗಳು.

ಚೌಕವನ್ನು ಒಂದೇ ಕಡೆ ಹಾಕಿದರೆ ಪ್ರಯೋಜನವಿಲ್ಲ. ಹೋಲಿಕೆ ಬೇಕು. ನಾವು ಒಂದನ್ನು ಹೊಸ ಮನೆಯೊಂದರ ಹುಲ್ಲುಹಾಸಿನಲ್ಲಿ ಹಾಕಿದೆವು, ಇನ್ನೊಂದನ್ನು ಮನೆಯವರ ಅನುಮತಿ ಕೇಳಿ ನಾಗಬನದ ಹೊರ ಅಂಚಿನಲ್ಲಿ. ಒಳಗೆ ಕಾಲಿಡಲಿಲ್ಲ, ಏನನ್ನೂ ಕೀಳಲಿಲ್ಲ. ಹುಲ್ಲುಹಾಸಿನಲ್ಲಿ ಮೂರು ಬಗೆ ಸಿಕ್ಕಿತು. ಬನದ ಅಂಚಿನಲ್ಲಿ ಹತ್ತೊಂಬತ್ತು. ಅದರಲ್ಲಿ ನಾಲ್ಕು ಮರಗಳ ಸಸಿಗಳು. ಹಾಲೆ, ಬೈನೆ, ರೆಂಜೆ ಮೂರನ್ನು ಗುರುತಿಸಿದೆವು. ಸಂಖ್ಯೆ ಮಾತ್ರ ನೋಡಬಾರದು ಎಂಬುದನ್ನೂ ಇಲ್ಲೇ ಕಲಿಸಬಹುದು. ಎರಡು ಚೌಕದಲ್ಲಿ ಐದೈದು ಬಗೆ ಇರಬಹುದು. ಒಂದರಲ್ಲಿ ಐದೂ ಸಮನಾಗಿ, ಇನ್ನೊಂದರಲ್ಲಿ ನೂರರಲ್ಲಿ ತೊಂಬತ್ತಾರು ಕಮ್ಯುನಿಸ್ಟ್ ಗಿಡವೇ ಇದ್ದರೆ, ಎರಡನ್ನೂ ಒಂದೇ ಎನ್ನಲು ಆಗುವುದಿಲ್ಲ. ಅದು ಅಮೆರಿಕ ಖಂಡದಿಂದ ಬಂದು ಇಲ್ಲಿ ಹಬ್ಬಿದ ಗಿಡ, ನಾಚಿಕೆ ಮುಳ್ಳೂ ಅಷ್ಟೇ.

ಬನಗಳ ಸುತ್ತ ಈಗ ಕಾಂಕ್ರೀಟ್ ಕಟ್ಟೆ, ಟೈಲ್ಸ್ ಬರುತ್ತಿದೆ. ಭಕ್ತಿಯಿಂದಲೇ ಮಾಡುತ್ತಾರೆ, ನನಗೆ ಗೊತ್ತು. ಆದರೆ ಟೈಲ್ಸ್ ಹಾಕಿದ ಮೇಲೆ ಅಲ್ಲಿ ಬಿದ್ದ ರೆಂಜೆ ಬೀಜಕ್ಕೆ ಮೊಳೆಯಲು ಮಣ್ಣಿಲ್ಲ. ಮಕ್ಕಳ ಪಟ್ಟಿಯನ್ನು ನಾನು ಆ ಮನೆಯ ಹಿರಿಯರಿಗೆ ಓದಿ ಹೇಳಿದೆ. ಹತ್ತೊಂಬತ್ತು ಬಗೆ ಎಂದು ಕೇಳಿ ಅವರು, "ಇಷ್ಟು ಉಂಟಾ ನಮ್ಮ ಬನದಲ್ಲಿ?" ಎಂದರು. ನಾಗರಪಂಚಮಿಗೆ ತನು ಎರೆಯಲು ಹೋದಾಗ ನಾನು ನೋಡಿದೆ. ಕಟ್ಟೆಯ ಸುತ್ತ ಮಣ್ಣನ್ನು ಹಾಗೇ ಬಿಟ್ಟಿದ್ದರು.

ಚೌಕದ ನಾಲ್ಕು ಮೂಲೆಗೆ ಒಂದೊಂದು ಕಲ್ಲು ಹೂತಿಡಿ. ದೀಪಾವಳಿ ಕಳೆದು ಮಳೆ ನಿಂತ ಮೇಲೆ ಅದೇ ಜಾಗದಲ್ಲಿ ಮತ್ತೆ ಹಗ್ಗ ಕಟ್ಟಿ ಎಣಿಸಿ. ಮಾರ್ಚ್‌ನಲ್ಲಿ ಇನ್ನೊಮ್ಮೆ. ತಾರೀಕು ಹಾಕಿ, ಪೆನ್ಸಿಲಿನಲ್ಲೇ ಬರೆಯಿರಿ. ಪೆನ್ನಿನ ಅಕ್ಷರ ನಮ್ಮ ಮಳೆಗೆ ಉಳಿಯುವುದಿಲ್ಲ.